ಥೀಸಿಸ್ ಮುಗಿಯಿತು, ಕಾಸಾಬ್ಲಾಂಕಾದವರಿಗೆ ಥ್ಯಾಂಕ್ಸ್

ಕೊನೆಗೂ ನನ್ನ ಆರ್ಕಿಟೆಕ್ಚರ್ ಥೀಸಿಸ್ ಪಾಸಾಯಿತು! ವಿಷಯ, ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಅಟ್ಲಾಂಟಿಕ್ ಕಡಲಿಗೆ ಚಾಚಿ ಕಟ್ಟಿರುವ, ದೊರೆ ಎರಡನೇ ಹಸನ್ ಹೆಸರಿನ ಮಸೀದಿ. 1993ರಲ್ಲಿ ತೆರೆದದ್ದು. ವಿನ್ಯಾಸ ಫ್ರೆಂಚ್ ವಾಸ್ತುಶಿಲ್ಪಿ ಮಿಷೆಲ್ ಪಿನ್ಸೋ ಅವರದು.

ಮೊದಲ ಥ್ಯಾಂಕ್ಸ್ ನಮ್ಮ ಗೈಡ್ ಮೇಡಂಗೆ. ಸುಮಾರು 200 ಮೀಟರ್ ಎತ್ತರದ ಮಿನಾರು, ಸರಿದು ತೆರೆದುಕೊಳ್ಳುವ ಛಾವಣಿ ಅಂತ ನಾನು ಪುಟಗಟ್ಟಲೆ ಬರೆದಿದ್ದೆ. "ಅದೆಲ್ಲ ಸರಿ ಕಣೋ, ಇದನ್ನು ದಿನಾ ಬಳಸುವವರು, ರಿಪೇರಿ ಮಾಡುವವರು ಎಲ್ಲಿ?" ಅಂದರು.

ರಿಪೇರಿ ವಿಷಯ ಬಿಡಿಸಿ ಹೇಳಿದ್ದು ಅಲ್ಲಿನ ಒಬ್ಬ ಎಂಜಿನಿಯರ್. ಕಡಲ ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಈ ಮಸೀದಿಯಲ್ಲೂ ಹಾಗೇ ಆಗಿ, ಕಡಲ ಕಡೆಯ ಭಾಗಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿ ಮತ್ತೆ ಕಟ್ಟಬೇಕಾಯಿತು. ಕಟ್ಟಲು ಜನರಿಂದ ಚಂದಾ ಎತ್ತಿದ ರೀತಿಗೆ ಆಗಲೇ ಸಾಕಷ್ಟು ಗೊಣಗಾಟ ಇತ್ತು, ಮೇಲೆ ಈ ಖರ್ಚು ಬೇರೆ. ಚಂದಾ ಎತ್ತಿದ ಆ ರೀತಿ ನನಗೂ ಸರಿ ಅನಿಸಿಲ್ಲ, ಥೀಸಿಸ್‌ನಲ್ಲೂ ಹಾಗೇ ಬರೆದಿದ್ದೇನೆ.

ಎಲ್ಲಕ್ಕಿಂತ ಜಾಸ್ತಿ ಋಣ ಜೆಲ್ಲಿಜ್, ಅಂದರೆ ಹೆಂಚಿನ ಚೂರು ಜೋಡಿಸಿ ಚಿತ್ತಾರ ಮಾಡುವ ಕೆಲಸದ ಒಬ್ಬ ಹಿರಿಯರದು. ಬಣ್ಣದ ಹೆಂಚನ್ನು ಚೂಪು ಸುತ್ತಿಗೆಯಿಂದ ಚೂರು ಚೂರಾಗಿ ಕತ್ತರಿಸಿ, ಬಣ್ಣದ ಮುಖವನ್ನು ಕೆಳಗೆ ಮಾಡಿ ನೆಲದ ಮೇಲೆ ಜೋಡಿಸುತ್ತಾರೆ, ಆಮೇಲೆ ಹಿಂಬದಿಗೆ ಗಾರೆ ಸುರಿಯುತ್ತಾರೆ. ಅಂದರೆ ಜೋಡಿಸುವಾಗ ಅವರಿಗೆ ಚಿತ್ತಾರವೇ ಕಾಣುವುದಿಲ್ಲ! ನಾನು ಇಟ್ಟ ನಕ್ಷತ್ರದ ಒಂದು ಚೂರನ್ನು ಅವರು ಮಾತಾಡದೆ ಎತ್ತಿ, ತುಸು ತಿರುಗಿಸಿ, ಮತ್ತೆ ಇಟ್ಟರು. ಅಷ್ಟೇ ಪಾಠ.

ಇನ್ನು ಅಂಗಳದ ಜನ. ಒಳಗೆ 25,000 ಜನ ಹಿಡಿಸಿದರೆ ಹೊರಗೆ 80,000 ಜನಕ್ಕೆ ಜಾಗ ಇದೆ. ರಂಜಾನ್ ರಾತ್ರಿಗಳಲ್ಲಿ ಅದು ಪ್ರಾರ್ಥನೆಗೆ, ಉಳಿದ ಸಂಜೆಗಳಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಸುಮ್ನೆ ಗಾಳಿಗೆ ಬರುವವರಿಗೆ. ನನ್ನ ಸ್ಕೆಚ್ ಹಾಳೆಗಳು ಹಾರಿದಾಗ ಅಟ್ಟಿಸಿಕೊಂಡು ಹೋಗಿ ಹಿಡಿದ ಹುಡುಗರೇ, ನಾಲ್ಕನೇ ಅಧ್ಯಾಯ ಉಳಿದದ್ದು ನಿಮ್ಮಿಂದ.

ಸಾರಾಂಶವನ್ನು ಫ್ರೆಂಚ್‌ಗೆ ಮಾಡಿಸುತ್ತಿದ್ದೇನೆ. ಮೊದಲ ಪ್ರತಿ ಆ ಜೆಲ್ಲಿಜ್ ಹಿರಿಯರಿಗೆ. ಅದರಲ್ಲಿರುವ ನಕ್ಷತ್ರದ ಡ್ರಾಯಿಂಗನ್ನೂ ತಿದ್ದುತ್ತಾರೇನೋ!