ಟೆಕ್ಸಸ್ ಪಂದ್ಯಕ್ಕೆ ಮುಂಚೆ: ಒಹಾಯೊ ಸ್ಟೇಟ್‌ನಲ್ಲಿ ಈ ಸಲ ಚೆಂಡು ಹಿಡಿದು ಓಡುವವರು ಯಾರು?

ಕೊಲಂಬಸ್, ಒಹಾಯೊ
20 ಆಗಸ್ಟ್ 2025

ಪ್ರೀತಿಯ ತಮ್ಮನಿಗೆ,

ಇಲ್ಲಿ ಎಲ್ಲ ಕ್ಷೇಮ. ಅಪ್ಪ-ಅಮ್ಮನಿಗೆ ನಮಸ್ಕಾರ ತಿಳಿಸು. ಗಣೇಶನ ಹಬ್ಬ ಕಳೆದ ಮೂರನೇ ದಿನ, 30ನೇ ತಾರೀಕು ಶನಿವಾರ, ಇಲ್ಲಿನ ಮಧ್ಯಾಹ್ನ 12ಕ್ಕೆ ನಮ್ಮ ಒಹಾಯೊ ಸ್ಟೇಟ್ ಕಾಲೇಜು ತಂಡಕ್ಕೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟೆಕ್ಸಸ್ ಜೊತೆ ಮೊದಲ ಪಂದ್ಯ. ನಿಮಗದು ರಾತ್ರಿ ಒಂಬತ್ತೂವರೆ. ಪತ್ರಕರ್ತರು ಮತ ಹಾಕಿ ತಂಡಗಳಿಗೆ ಸ್ಥಾನ ಕೊಡುವ ಎಪಿ ಪಟ್ಟಿಯಲ್ಲಿ ಟೆಕ್ಸಸ್ 1, ನಾವು 3. "ಚಾಂಪಿಯನ್ ತಂಡದ ಇಬ್ಬರು ಓಟಗಾರರೂ ಹೋದರಲ್ಲ, ಇನ್ನು ಯಾರು?" ಅಂತ ಕೇಳಿದ್ದೀಯ. ಅದಕ್ಕೇ ಈ ಪತ್ರ.

ಹೋದವರು ಸಾಮಾನ್ಯದವರಲ್ಲ. ಕಳೆದ ಸೀಸನ್‌ನಲ್ಲಿ ಕ್ವಿನ್‌ಶಾನ್ ಜಡ್ಕಿನ್ಸ್ 194 ಓಟಗಳಲ್ಲಿ 1,060 ಗಜ, ಟ್ರೆವೆಯಾನ್ ಹೆಂಡರ್ಸನ್ 144 ಓಟಗಳಲ್ಲಿ 1,016 ಗಜ. ಹೆಂಡರ್ಸನ್‌ನದು ಓಟಕ್ಕೆ ಏಳು ಗಜದ ಲೆಕ್ಕ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ದಾಟಬೇಕಾದ ಆಟದಲ್ಲಿ ಅದು ಎಂಥ ಆಸ್ತಿ ಅಂತ ನೀನೇ ಲೆಕ್ಕ ಹಾಕು. ಇಬ್ಬರೂ ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವುದು) ಎರಡೇ ಸ್ಥಾನದ ಅಂತರದಲ್ಲಿ ಆಯ್ಕೆಯಾದರು. ಜಡ್ಕಿನ್ಸ್ 36ನೆಯವನು, ಹೆಂಡರ್ಸನ್ 38ನೆಯವನು.

ಈಗ ಉಳಿದವರಲ್ಲಿ ಮೂವರನ್ನು ನೋಡಬೇಕು. ಜೇಮ್ಸ್ ಪೀಪಲ್ಸ್ ಎರಡನೇ ವರ್ಷದವನು, ಸ್ಯಾನ್ ಆಂಟೋನಿಯೋದ ಹುಡುಗ. ಕಳೆದ ವರ್ಷ 49 ಓಟ, 197 ಗಜ. ಕಾಲು ಚುರುಕು, ದಿಕ್ಕು ಬದಲಿಸುವಾಗ ವೇಗ ಕಳೆದುಕೊಳ್ಳುವುದಿಲ್ಲ. ಸಿ.ಜೆ. ಡೊನಾಲ್ಡ್‌ಸನ್ ವೆಸ್ಟ್ ವರ್ಜೀನಿಯಾದಿಂದ ಬಂದವನು, ಆರಡಿ ಎರಡಿಂಚು, 107 ಕಿಲೋ. ಕಾಲೇಜಿಗೆ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಎಸೆದ ಚೆಂಡನ್ನೂ ಹಿಡಿಯುವ ಆಟಗಾರ) ಆಗಿ ಸೇರಿ ಆಮೇಲೆ ಓಟಗಾರನಾದವನು. ಕಳೆದ ವರ್ಷ ಅಲ್ಲಿ 734 ಗಜ, 11 ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿಸಿದ್ದು). ಒಂದು ಗಜ ಬೇಕಾದಾಗ ಒಂದೂವರೆ ಗಜ ತರುವ ಆಳು. ಆದರೆ ಮೈ ಎತ್ತರ, ನೆಟ್ಟಗೆ ನಿಂತೇ ಓಡಿದರೆ ಟ್ಯಾಕಲ್ ಮಾಡುವವನಿಗೆ ತೊಡೆ ಪೂರ್ತಿ ಸಿಕ್ಕಿಬಿಡುತ್ತದೆ. ಮೂರನೆಯವನು ಬೋ ಜಾಕ್ಸನ್, ಕ್ಲೀವ್‌ಲ್ಯಾಂಡ್‌ನಿಂದ ಈ ವರ್ಷವಷ್ಟೇ ಬಂದ ಹುಡುಗ. 1985ರಲ್ಲಿ ಆಬರ್ನ್‌ಗೆ ಆಡಿ, ಕಾಲೇಜು ಆಟದ ಅತ್ಯುತ್ತಮ ಆಟಗಾರನ ಪ್ರಶಸ್ತಿಯಾದ ಹೈಸ್‌ಮನ್ ಗೆದ್ದ ಬೋ ಜಾಕ್ಸನ್ ಬೇರೆ, ಇವನು ಬೇರೆ. ನನ್ನ ಅಂದಾಜಿನಲ್ಲಿ ಮೂವರಲ್ಲಿ ಹುಟ್ಟು ಪ್ರತಿಭೆ ಹೆಚ್ಚಿರುವುದು ಇವನಲ್ಲೇ. ತೂಕವೂ ಇದೆ, ವೇಗವೂ ಇದೆ.

ಹಾಗಾದರೆ ಅವನನ್ನೇ ಮೊದಲು ಇಳಿಸಬಾರದೇ ಅಂತೀಯ. ಇಲ್ಲೇ ಇರುವುದು ವಿಷಯ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸಯಿನ್‌ಗೆ ಆರಂಭಿಕನಾಗಿ ಇದು ಮೊದಲ ಪಂದ್ಯ. ಎದುರಿಗೆ ಕಳೆದ ವರ್ಷ 9 ಸ್ಯಾಕ್ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡಹುವುದು) ಮಾಡಿದ ಕಾಲಿನ್ ಸಿಮನ್ಸ್, 8 ಮಾಡಿದ ಆಂಥನಿ ಹಿಲ್. ಸಯಿನ್ ಎಸೆಯಲು ಹಿಂದೆ ಸರಿದಾಗ, ಪಕ್ಕದಲ್ಲಿ ನಿಂತ ಓಟಗಾರನೇ ಕೊನೆಯ ಬೇಲಿ. ಅವನು ಮೊದಲು ಒಳಗಿನ ಲೈನ್‌ಬ್ಯಾಕರನ್ನು (ಎದುರಾಳಿಯ ಮುಂಸಾಲಿನ ಹಿಂದೆ ನಿಲ್ಲುವ ರಕ್ಷಕನನ್ನು) ನೋಡಬೇಕು, ಅವನು ಬರದಿದ್ದರೆ ಮಾತ್ರ ಕಣ್ಣು ಹೊರಗೆ. ಇಬ್ಬರು ಒಟ್ಟಿಗೆ ನುಗ್ಗಿದರೆ ಒಳಗಿನವನನ್ನೇ ಹಿಡಿಯಬೇಕು, ಏಕೆಂದರೆ ಅವನ ದಾರಿ ಹತ್ತಿರದ್ದು. ಕ್ವಾರ್ಟರ್‌ಬ್ಯಾಕ್‌ನ ಕಾಲಬುಡದಲ್ಲಿ ಕಾಯುತ್ತ ನಿಂತರೆ ಕೆಟ್ಟಿತು. ಎರಡು ಹೆಜ್ಜೆ ಮುಂದೆ ಹೋಗಿ, ಸೊಂಟ ಇಳಿಸಿ, ತಲೆ ಎತ್ತಿ, ಎರಡೂ ಅಂಗೈ ಎದುರಾಳಿಯ ಎದೆಗೆ ಕೊಡಬೇಕು. ಹೊಸ ಹುಡುಗರು ತಪ್ಪುವುದು ತಲೆ ತಗ್ಗಿಸಿ ಮುನ್ನುಗ್ಗುವುದರಲ್ಲಿ. ತಲೆ ತಗ್ಗಿತೋ, ಎದುರಾಳಿ ಮೇಲಿಂದ ತೋಳು ಬೀಸಿ ದಾಟಿ ಹೋಗುತ್ತಾನೆ. ಹೆಂಡರ್ಸನ್ ಇದರಲ್ಲಿ ಪಳಗಿದ್ದ, ಅವನ ಗಜಗಳಿಗಿಂತ ಇದನ್ನು ತುಂಬುವುದೇ ಕಷ್ಟ. ಅದಕ್ಕೇ ಮೊದಲ ವಾರ ಪೀಪಲ್ಸ್ ಮತ್ತು ಡೊನಾಲ್ಡ್‌ಸನ್ ಹೆಚ್ಚು ಆಡುತ್ತಾರೆ, ಜಾಕ್ಸನ್ ಸೆಪ್ಟೆಂಬರ್ ಕಳೆದಂತೆ ಮುಂದೆ ಬರುತ್ತಾನೆ ಅಂತ ನನ್ನೆಣಿಕೆ.

ಓಟದ ವಿಷಯ ಹೇಳುತ್ತೇನೆ, ಕಬಡ್ಡಿ ಆಡುವ ನಿನಗೆ ಬೇಗ ಹೊಳೆಯುತ್ತದೆ. ಇನ್‌ಸೈಡ್ ಜೋನ್ ಅನ್ನುವ ಆಟದಲ್ಲಿ ಓಟಗಾರ ಖಾಲಿ ಜಾಗ ಕಂಡ ತಕ್ಷಣ ತಿರುಗಬಾರದು. ಮುಂದೆ ನಿಂತು ದಾರಿ ಮಾಡುವ ತನ್ನ ಲೈನ್‌ಮನ್‌ಗಳ ಬೆನ್ನಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಆಗ ಎದುರಿನ ಲೈನ್‌ಬ್ಯಾಕರ್ ಆ ಕಡೆಗೇ ವಾಲುತ್ತಾನೆ, ಹಿಂದೆ ಜಾಗ ತೆರೆಯುತ್ತದೆ. ರೈಡರ್ ಬಲ ಮೂಲೆಗೆ ನುಗ್ಗಿದಂತೆ ಮಾಡಿ ಸರಪಳಿಯನ್ನು ಎಳೆದು, ಎಡಗಡೆಯವನನ್ನು ಮುಟ್ಟುವುದಿಲ್ಲವೇ, ಹಾಗೆ. ಒಂದು ಹೆಜ್ಜೆ ಮೊದಲೇ ತಿರುಗಿದರೆ ಲೈನ್‌ಬ್ಯಾಕರ್ ಅಲ್ಲೇ ನಿಂತಿರುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಇಲ್ಲಿ ಅಕ್ಷರಶಃ ನಿಜ.

ಚೆಂಡು ಪಡೆಯುವಾಗ ಕ್ವಾರ್ಟರ್‌ಬ್ಯಾಕ್ ಕಡೆಯ ಮೊಣಕೈ ಎದೆಯ ಮಟ್ಟಕ್ಕೆ ಮೇಲಿರಬೇಕು, ಇನ್ನೊಂದು ಕೈ ಹೊಟ್ಟೆಯ ಹತ್ತಿರ ಅಂಗೈ ಮೇಲಾಗಿ. ಮೊಣಕೈ ಇಳಿದಿದ್ದರೆ ಚೆಂಡು ಅದಕ್ಕೇ ಬಡಿದು ನೆಲಕ್ಕೆ. ಹಿಡಿದ ಮೇಲೆ ಬೆರಳು ಚೆಂಡಿನ ತುದಿ ಮುಚ್ಚಿ, ಅಂಗೈ, ಮುಂಗೈ, ರಟ್ಟೆ, ಪಕ್ಕೆ ಐದೂ ಅದಕ್ಕೆ ಒತ್ತಿರಬೇಕು. ಮೊಣಕೈ ಮೈಯಿಂದ ದೂರವಾಯಿತೆಂದರೆ ಹಿಂದಿನಿಂದ ಒಂದು ಗುದ್ದು ಸಾಕು.

ಓಟಗಾರ ಎಷ್ಟೇ ಒಳ್ಳೆಯವನಿರಲಿ, ಮುಂದಿನ ಐವರು ದಾರಿ ಕೊಡಬೇಕು. ಕಳೆದ ನವೆಂಬರ್‌ನಲ್ಲಿ ಮಿಚಿಗನ್‌ಗೆ 13-10ರಲ್ಲಿ ಸೋತಾಗ ಜಡ್ಕಿನ್ಸ್, ಹೆಂಡರ್ಸನ್ ಇಬ್ಬರೂ ಇದ್ದರು. ತಂಡದ ಒಟ್ಟು ಓಟ 26, ಗಜ ಬರೀ 77. ಆ ಐವರಲ್ಲಿ ಎಡ ಟ್ಯಾಕಲ್ (ಎಡತುದಿಯವನು) ಜಾಶ್ ಸಿಮನ್ಸ್, ಸೆಂಟರ್ (ನಡುವಿನವನು) ಸೆತ್ ಮೆಕ್‌ಲಾಫ್ಲಿನ್ ಗಾಯಗೊಂಡು ಹೊರಗಿದ್ದರು, ಆದರೂ ನಟ್ಟನಡುವೆಯೇ ಓಡಿಸುತ್ತಿದ್ದರು. ಆ ಸೋಲು ಇಂದಿಗೂ ಈ ಊರಿಗೆ ಮುಳ್ಳು. ಈ ಸಲವೂ ಲೈನ್‌ನಲ್ಲಿ ಹೊಸಬರಿದ್ದಾರೆ. ಓಟದ ಆಟಗಳನ್ನು ಹೆಣೆಯುತ್ತಿದ್ದ ಚಿಪ್ ಕೆಲ್ಲಿ ಎನ್‌ಎಫ್‌ಎಲ್‌ನ ರೇಡರ್ಸ್ ತಂಡಕ್ಕೆ ಹೋದರು, ಬ್ರಯನ್ ಹಾರ್ಟ್‌ಲೈನ್ ಆ ಜಾಗಕ್ಕೆ ಬಂದಿದ್ದಾರೆ. ಓಟಗಾರರ ಕೋಚ್ ಕಾರ್ಲೋಸ್ ಲಾಕ್ಲಿನ್ ಮಾತ್ರ ಅವರೇ, ಅದು ಸಮಾಧಾನ.

ಶನಿವಾರ ರಾತ್ರಿ ನಿದ್ದೆ ತಡೆದು ನೋಡುವುದಾದರೆ ಮೂರನೇ ಯತ್ನದಲ್ಲಿ ಏಳೆಂಟು ಗಜ ಬೇಕಾದಾಗ ಚೆಂಡಿನ ಮೇಲೆ ಕಣ್ಣಿಡಬೇಡ. ಸಯಿನ್ ಪಕ್ಕದಲ್ಲಿ ನಿಂತವನ ಅಂಗಿಯ ನಂಬರ್ ಬರೆದಿಟ್ಟುಕೊಂಡು ನನಗೆ ಕಳಿಸು. ಅವನ ಮೇಲೇ ಕೋಚ್‌ಗಳಿಗೆ ನಂಬಿಕೆ.

ಅಮ್ಮನಿಗೆ ಕಡುಬು ನನ್ನ ಪಾಲಿನದ್ದನ್ನೂ ನೀನೇ ತಿನ್ನು ಅಂದೆ ಅಂತ ಹೇಳು.

ಇಂತಿ ನಿನ್ನ
ಅಣ್ಣ