ಕಲ್ಲಿನಿಂದ ಕಲ್ಲಿಗೆ

ಪ್ರೀತಿಯ ಮಗಳೇ,

"ಅಪ್ಪ, ಕಾರ್ಖಾನೆಯ ಹೊಗೆಯನ್ನು ಹಡಗಿಗೆ ತುಂಬಿಕೊಂಡು ಹೋಗಿ ಸಮುದ್ರಕ್ಕೆ ಸುರಿಯುವುದೂ ಒಂದು ಕೆಲಸವೇ?" ಎಂದು ಕೇಳಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ. ನಿನಗೆ ಸಿಟ್ಟು ಬಂದದ್ದು ನನಗೆ ಹಿಡಿಸಿತು. ಆದರೆ ನೀರಿಗೆ ಸುರಿಯುವುದಕ್ಕೂ ಕಡಲ ತಳದ ಬಂಡೆಯೊಳಗೆ ಇಳಿಸುವುದಕ್ಕೂ ಅಜಗಜಾಂತರವಿದೆ. ಅದನ್ನು ಬಿಡಿಸಿ ಹೇಳದೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮ ಸರಕು, ಅಂದರೆ ಹೊಗೆಯಿಂದ ಬೇರ್ಪಡಿಸಿ ದ್ರವವಾಗಿಸಿದ ಇಂಗಾಲದ ಡೈಆಕ್ಸೈಡ್, ಬರುವುದು ನಾರ್ವೆಯ ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆಯಿಂದ. ಬಿಸಿಲಿನಿಂದಲೋ ಗಾಳಿಯಿಂದಲೋ ವಿದ್ಯುತ್ ಪಡೆದರೆ ಹೊಗೆಯೇ ನಿಲ್ಲುತ್ತದಲ್ಲ ಎನ್ನುತ್ತೀಯ. ಸಿಮೆಂಟಿನ ಮಟ್ಟಿಗೆ ಅಷ್ಟು ಸಾಲದು. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಕಲ್ಲೇ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಸಿಮೆಂಟ್ ತಯಾರಿಕೆಯಲ್ಲಿ ಹೊರಬರುವ ಆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನದೇ. ಉರಿ ಯಾವುದಾದರೂ ಇರಲಿ, ಅದು ತಪ್ಪಿದ್ದಲ್ಲ. ಆ ಕಲ್ಲಾದರೂ ಏನು? ಬಹುಪಾಲು, ಕೋಟ್ಯಂತರ ವರ್ಷಗಳ ಹಿಂದೆ ಕಡಲ ಜೀವಿಗಳು ಕಟ್ಟಿಕೊಂಡ ಚಿಪ್ಪುಗಳ ರಾಶಿ. ಕಡಲು ಬಚ್ಚಿಟ್ಟದ್ದನ್ನು ನಾವು ಅಗೆದು ಸುಟ್ಟೆವು. ಈಗ ಕಡಲಡಿಗೇ ಹಿಂದಿರುಗಿಸಲು ಹೊರಟಿದ್ದೇವೆ.

ಈ ಅನಿಲವನ್ನು ಪಳಗಿಸುವುದು ಸುಲಭವಲ್ಲ. ನಾವು ಉಸಿರಾಡುವ ಗಾಳಿಯ ಒತ್ತಡದಲ್ಲಿ ಎಷ್ಟು ತಣಿಸಿದರೂ ಅದು ದ್ರವವಾಗದೆ ನೇರವಾಗಿ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಸುಮಾರು 15 ಬಾರ್ ಒತ್ತಡದಲ್ಲಿ, ಅಂದರೆ ಆ ಗಾಳಿಯ ಒತ್ತಡದ ಸುಮಾರು 15 ಪಟ್ಟಿನಲ್ಲಿ, ಸೊನ್ನೆಗಿಂತ 26 ಡಿಗ್ರಿಗೂ ಕೆಳಗೆ ಇಟ್ಟು ಒಯ್ಯುತ್ತೇವೆ. ಒತ್ತಡ 5 ಬಾರ್‌ಗೆ ಕುಸಿಯಿತೋ, ಪೈಪಿನೊಳಗೇ ಹೆಪ್ಪುಗಟ್ಟಿ ವಾಲ್ವ್ ಕಟ್ಟಿಕೊಳ್ಳುತ್ತದೆ. ನೀರಿನ ಪಸೆ ಉಳಿದಿದ್ದರೆ ಆಮ್ಲವಾಗಿ ಉಕ್ಕನ್ನೇ ತಿನ್ನುತ್ತದೆ. ಸರಕು ಇಳಿಸುವಾಗ ಗೇಜಿನ ಮುಳ್ಳಿನಿಂದ ನನ್ನ ಕಣ್ಣು ಕದಲುವುದಿಲ್ಲ. ಪೈಪಿನ ಕೂಡುಜಾಗದಲ್ಲಿ ಬಿಳಿ ಹಿಮ ಹಿಟ್ಟಿನಂತೆ ಕೂರುತ್ತದೆ. ಕೈಗವಸಿನ ಬೆರಳಿನಲ್ಲಿ ಸವರಿದರೆ ಉದುರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೂರುತ್ತದೆ. ಹೆದರಬೇಡ, ಅದು ಗಾಳಿಯ ತೇವ ಅಷ್ಟೇ, ಸರಕು ಸೋರಿದ್ದಲ್ಲ.

ನಾವು ಸರಕು ಇಳಿಸುವುದು ನಾರ್ವೆಯ ಪಶ್ಚಿಮ ಕರಾವಳಿಯ ಓಯ್ಗಾರ್ಡನ್‌ನಲ್ಲಿ. ಅಲ್ಲಿನ ದಡದ ಟ್ಯಾಂಕುಗಳಿಂದ ಅದು ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಸಾಗಿ, ಕಡಲ ತಳದಿಂದ 2,600 ಮೀಟರ್ ಆಳದ ಮರಳುಗಲ್ಲಿಗೆ ಇಳಿಯುತ್ತದೆ. ಅಲ್ಲಿ ದೊಡ್ಡ ಗುಹೆಯೊಂದಿದೆ ಎಂದುಕೊಳ್ಳಬೇಡ. ಉಪ್ಪುನೀರು ತುಂಬಿದ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಮೇಲೆ ಜೇಡಿಶಿಲೆಯ ಮುಚ್ಚಳವಿದೆ. ಅನಿಲದಲ್ಲಿ ಒಂದಷ್ಟು ಆ ರಂಧ್ರಗಳಲ್ಲೇ ಸಿಕ್ಕಿಬೀಳುತ್ತದೆ, ಒಂದಷ್ಟು ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಕರಗಿಸಿಕೊಂಡ ನೀರು ಸುತ್ತಲಿನ ನೀರಿಗಿಂತ ಭಾರವಾಗಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟ ಸಂಗತಿ ಇದೇ.

ಸೋರಿದರೆ? ಉತ್ತರ ಸಮುದ್ರದ ಸ್ಲೈಪ್ನರ್ ಎಂಬ ನೈಸರ್ಗಿಕ ಅನಿಲ ಕ್ಷೇತ್ರದಲ್ಲಿ 1996ರಲ್ಲೇ ಹೀಗೆ ಇಳಿಸಲು ಶುರುಮಾಡಿದರು. ಕಂಪನದ ಅಲೆಗಳನ್ನು ಕಳಿಸಿ, ಅನಿಲ ಎಲ್ಲೆಲ್ಲಿ ಹರಡಿದೆ ಎಂದು ಮತ್ತೆ ಮತ್ತೆ ನೋಡಿದ್ದಾರೆ. ಮುಚ್ಚಳ ದಾಟಿ ಬಂದದ್ದು ಕಂಡಿಲ್ಲ. ಹಾಗೆಂದು ಕಾವಲು ಬಿಡುವಂತಿಲ್ಲ. ನಿನ್ನಂತೆಯೇ ಅನುಮಾನಪಟ್ಟವರು ಕಾನೂನಿನಲ್ಲೂ ಇದ್ದರು. ಕಡಲಿಗೆ ಕಸ ಸುರಿಯುವುದನ್ನು ತಡೆಯುವ ಲಂಡನ್ ಪ್ರೋಟೋಕಾಲ್‌ನಿಂದಾಗಿ, ಒಂದು ದೇಶದ ಅನಿಲವನ್ನು ಇನ್ನೊಂದು ದೇಶದ ಕಡಲಡಿಗೆ ಒಯ್ಯಲು 2019ರವರೆಗೆ ದಾರಿಯೇ ಇರಲಿಲ್ಲ.

ನಿನ್ನ ಸಿಟ್ಟು ಸರಿಯಾಗಿರುವುದು ಬೇರೆ ಕಡೆ. ನಮ್ಮ ಓಯ್ಗಾರ್ಡನ್ ಪೈಪಿನಿಂದ ಮೊದಲ ಸಲ ಅನಿಲ ಬಂಡೆಗೆ ಇಳಿದದ್ದು 2025ರ ಆಗಸ್ಟ್‌ನಲ್ಲಿ. ಮೊದಲ ಹಂತದಲ್ಲಿ ವರ್ಷಕ್ಕೆ ಇಳಿಸಬಹುದಾದದ್ದು 15 ಲಕ್ಷ ಟನ್. ಜಗತ್ತು ವರ್ಷಕ್ಕೆ ಗಾಳಿಗೆ ಬಿಡುವುದು ಸುಮಾರು 3,700 ಕೋಟಿ ಟನ್. ನೀನೇ ಭಾಗಿಸಿ ನೋಡು. ನಮ್ಮ ಹಡಗನ್ನು ತೋರಿಸಿ, ಇನ್ನು ಕಲ್ಲಿದ್ದಲನ್ನು ನಿಶ್ಚಿಂತೆಯಿಂದ ಸುಡೋಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆ ದಾರಿ ಕಾಣದ ಗೂಡುಗಳಿಗೆಂದೇ ಆ ಬಂಡೆಯ ಜಾಗವನ್ನು ಕಾಯ್ದಿಡಬೇಕು.

ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಖಾಲಿಯಾಗುತ್ತದೆ, ಮತ್ತೆ ಬ್ರೆವಿಕ್ ಕಡೆಗೆ ಪಯಣ. ಭಾಗಿಸಿದಾಗ ಎಷ್ಟು ಬಂತೆಂದು ಬರೆ. ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅದನ್ನೂ ಬರೆ.

ಇಂತಿ ನಿನ್ನ ಪ್ರೀತಿಯ
ಅಪ್ಪ