ರೂಢಿ ಆಗ್ಯಾದ ಅಂದಿಯಲ್ಲ, ಅದಕ್ಕೇ ಬರೀಲಾಕತ್ತೀನಿ

ಚಿನ್ನಿ,

ನಿನ್ನೆ ರಾತ್ರಿ ಮಾತಿನ ನಡುವೇ ಫೋನ್ ಇಟ್ಟಿದ್ದಕ್ಕ ಸಿಟ್ಟಾಗಬ್ಯಾಡವ್ವ. ಭೂಕಂಪಕ್ಕ ಹಾಸ್ಟೆಲ್ ಅಲುಗಾಡ್ತು, ಹುಡಿಗ್ಯಾರೆಲ್ಲ ಮೆಟ್ಟಲಾ ಇಳದು ಓಡಿದ್ರು, ನಾ ಹೆಡ್‌ಫೋನ್ ಹಾಕ್ಕೊಂಡು ಹೊಳ್ಳಿ ಮಲ್ಕೊಂಡೆ, ಗುವಾಹಟ್ಯಾಗ ಇದು ರೂಢಿ ಆಗ್ಯಾದ ಮಮ್ಮಿ ಅಂತ ನೀ ನಗಕೋತ ಹೇಳಿದಿ ನೋಡು, ನನ್ನ ಕೈಕಾಲಾಗಿನ ಶಕ್ತೀನೇ ಹೋತು, ಇನ್ನೊಂದು ಮಾತಾಡಿದ್ರ ಅಳು ಬರ್ತಿತ್ತು.

ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ರಾತ್ರಿ ಸುದ್ದಿ ನಿಂಗ ಗೊತ್ತದ, ಅದು ಬಿಡು. 1993 ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಂದಿ ದಣದು ಮಲಗಿದ್ದ ಹೊತ್ತು, ನಸಿಕಿನ್ಯಾಗ ನಾಕು ಹೊಡಿಲಾಕ ಬಂದಿತ್ತು. ನಮ್ಮ ಆಳಂದದಿಂದ ಕಿಲ್ಲಾರಿ ಏನು ದೂರ. ಅಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡಿ ಮಲಗಿದವರ ಮ್ಯಾಲೇ ಬಿದ್ದು ಹತ್ತು ಸಾವಿರದ ಹತ್ರ ಜನ ಹೋದ್ರು, ನಮ್ಮ ಮನಿ ನಿಂತಿತು. ನಾ ನಿಂಗ ಎಂದೂ ಹೇಳದೇ ಇದ್ದದ್ದು ಅದರ ಮುಂದಿಂದು.

ದಿನಾ ಮಲಗೋಮುಂದ ದಿಂಬಿನ ಬಾಜೂಕ ಒಂದು ಗ್ಲಾಸ್ ತುಂಬ ನೀರು ಇಟ್ಕೋತಿದ್ದೆ ನಾನು. ನೀರು ಅಲುಗಿದ್ರ ಓಡೋದು ಅಂತ. ಕಂದೀಲ್ ಬೆಳಕಿನ್ಯಾಗ ಅದನ್ನೇ ನೋಡ್ಕೋತ ಬೀಳ್ತಿದ್ದೆ, ನೋಡಿ ನೋಡಿ ಅಲುಗದ ನೀರೂ ಅಲುಗಿದಂಗ ಕಾಣ್ತಿತ್ತು, ಎದ್ದು ಅಂಗಳಕ್ಕ ಓಡ್ತಿದ್ದೆ, ನಿಮ್ಮಜ್ಜ ಏನೂ ಅನ್ನದೇ ಹಿಂದಿಂದ ಕೌದಿ ತರ್ತಿದ್ದ. ಸಾಲ್ಯಾಗ ಯಾರರ ಬೆಂಚ್ ಎಳದ್ರ ಇಡೀ ಕ್ಲಾಸ್ ಎದ್ದು ಬಾಗಿಲ ಕಡಿ ನೋಡ್ತಿತ್ತು, ಮಾಸ್ತರೂ ನೋಡ್ತಿದ್ರು. ಬೇವಿನ ಗಿಡದ ಕೆಳಗ ಪಾಠ ಆದಾಗ ಮಾತ್ರ ಲೆಕ್ಕ ತಲಿಗಿ ಹೋಗ್ತಿತ್ತು. ಹಿಂಗೇ ಯಾವಾಗೋ ಒಂದಿನ ಗ್ಲಾಸ್ ಇಡೋದು ಮರ್ತೆ. ಮರ್ತೀನಿ ಅನ್ನೋದೂ ಗೊತ್ತಾಗ್ಲಿಲ್ಲ. ಮನಸ್ಸು ಎಷ್ಟು ದಿನ ಅಂತ ಕಾವಲು ಕಾಯ್ತದ, ಅದಕೂ ನಿದ್ದಿ ಬೇಕು.

ಅದಕ್ಕ ನಿನ್ನ ಅಂಜಿಕಿ ಹೋಗಿದ್ದು ತಪ್ಪು ಅಂತ ನಾ ಅನ್ನೂದಿಲ್ಲ, ಅಂಜಕೋತ ಇಂಜಿನಿಯರಿಂಗ್ ಓದಲಾಕ ಆಗ್ತದೇನು. 2021ರಾಗ ನಮ್ಮ ಚಿಂಚೋಳಿ ಗಡಿಕೇಶ್ವಾರದಾಗ ಭೂಮಿಯೊಳಗ ಢಬ್ ಢಬ್ ಸಪ್ಪಳ ಬರ್ತಿತ್ತಲ್ಲ, ಅಕ್ಟೋಬರ್ 11ಕ್ಕ 4.1 ತೀವ್ರತೆ ಭೂಕಂಪ ಆತು, ಮಂದಿ ಊರು ಬಿಟ್ಟು ಹೋದ್ರು, ಆಗ ಅಲ್ಲಿಂದ ನಮ್ಮನಿಗಿ ಬಂದಿದ್ದ ಸಣ್ಣ ಹುಡುಗ ಹೊರಗ ಲಾರಿ ಗುಡುಗಿದ್ರ ಹೋಂವರ್ಕ್ ಬರಕೋತೇ "ಇದು ಸಣ್ಣದು" ಅಂತಿದ್ದ. ಎಲ್ಲಾರೂ ಜಾಣ ಅಂದ್ರು. ನಂಗ್ಯಾಕೋ ಹೊಟ್ಟ್ಯಾಗ ಸಂಕಟ ಆತು. ಸಣ್ಣದೋ ದೊಡ್ಡದೋ ಶುರುವಾದಾಗ ಯಾರಿಗಿ ತಿಳೀತದ ಚಿನ್ನಿ? ಹತ್ತು ಸಲ ಏನೂ ಆಗ್ಲಿಲ್ಲ ಅಂದ್ರ ಹನ್ನೊಂದನೇದ್ದೂ ಹಂಗೇ ಅಂತ ಮನಸ್ಸು ತಾನೇ ತೀರ್ಮಾನ ಮಾಡಿಬಿಡ್ತದ. ನೀ ಇರೋದು ಅಸ್ಸಾಮಿನ್ಯಾಗ, 1950ರಾಗ 8.6 ಕಂಡ ಸೀಮಿ ಅದು. 2021 ಏಪ್ರಿಲ್‌ನ್ಯಾಗ 6.4 ಆದಾಗ ಗುವಾಹಟ್ಯಾಗೂ ಕಟ್ಟಡ ಬಿರುಕು ಬಿಟ್ಟಿದ್ವು.

ಒಂದು ಮಾತು ಒಪ್ತೀನಿ, ಅಲುಗಾಡೋಮುಂದ ಮೆಟ್ಟಲಾ ಇಳದು ಓಡದೇ ಇದ್ದದ್ದು ಛಲೋನೇ ಆತು. ನಮ್ಮ ಮಣ್ಣಿನ ಮನ್ಯಾಗ ಹೊರಗ ಓಡೋದೇ ಉಳಿಯೋ ದಾರಿ ಇತ್ತು, ನಿಂದು ಸಿಮೆಂಟಿನ ನಾಕಂತಸ್ತು. ಹಾಸಿಗ್ಯಾಗಿದ್ರ ಅಲ್ಲೇ ತಲಿ ಕುತ್ತಿಗಿ ಮ್ಯಾಲ ದಿಂಬು ಹಿಡಕೋ, ಟೇಬಲ್ ಹತ್ರ ಇದ್ರ ಕೆಳಗ ಕುಂತು ಕಾಲು ಗಟ್ಟಿ ಹಿಡಿ. ಆದ್ರ ಅಲುಗಾಟ ನಿಂತ ಮ್ಯಾಲ ಏಳಬೇಕು! ಚಪ್ಪಲ್ ಹಾಕ್ಕೊಂಡು, ಲಿಫ್ಟ್ ಮುಟ್ಟದೇ, ಬಯಲಿಗಿ ಹೋಗಬೇಕು, ಹಿಂದಿಂದ ಮತ್ತೊಂದು ಬರಬಹುದು. ಕಿವ್ಯಾಗ ಹಾಡು ಹಾಕ್ಕೊಂಡು ಮಲಗಿದ್ರ ಯಾರು ಕೂಗಿದ್ದು ಕೇಳ್ತದ ನಿಂಗ? ಮತ್ತ ಲೆಕ್ಚರ್ ಶುರು ಮಾಡಿದೆ ಅಂತಿ, ಅನ್ನು, ಆದ್ರ ಮಾಡು.

ಕೆಳಗ ನಿಂತು ಅಳ್ತಿದ್ದ ಜೂನಿಯರ್ ಹುಡುಗಿಗಿ ಆಮ್ಯಾಲ ನಿನ್ನ ರೂಮಿನ್ಯಾಗೇ ಮಲಗಿಸಿಕೊಂಡಿ ಅಂತ ನಿನ್ನ ರೂಮ್‌ಮೇಟ್ ನಿಮ್ಮಪ್ಪಗ ಹೇಳ್ಯಾಳ. ನಿಮ್ಮಪ್ಪ ಅದನ್ನ ಓಣಿ ತುಂಬ ಹೇಳ್ಕೋತ ಅಡ್ಡಾಡ್ಲಾಕತ್ತಾರ, ನಂಗೂ ಹೆಮ್ಮಿ ಅದ. ಆಕಿಗಿ ಅಂಜಬ್ಯಾಡ ಅಂತ ಹೇಳಬ್ಯಾಡ. ಆಕಿ ಕೈ ಹಿಡಕೊಂಡು ರೂಮಿನಿಂದ ಬಯಲಿನ ತನಕ ಒಂದು ಸಲ ನಡದು ತೋರಸು, ರಾತ್ರಿ ಲೈಟ್ ಇಲ್ಲದಾಗೂ ತೋರಸು.

ಪಾರ್ಸೆಲ್‌ನ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಟಾರ್ಚ್, ಎರಡು ಸೀಟಿ ಇಟ್ಟೀನಿ, ಒಂದು ಆ ಹುಡುಗಿಗಿ ಕೊಡು. ಟಾರ್ಚಿನ ಸೆಲ್ ಬ್ಯಾರೇ ಕವರಿನ್ಯಾಗ ಅದಾವ, ಮುಟ್ಟಿದ ಕೂಡ್ಲೇ ಹಾಕಿ ನೋಡಿ ಫೋನ್ ಮಾಡು, ಈ ಸಲ ನಡುವೇ ಇಡೂದಿಲ್ಲ.

ನಿನ್ನ
ಮಮ್ಮಿ